ಹಡಗಿನ ಹೊಸ್ತಿಲು ಎಷ್ಟು ಇಂಚು?

ನಮ್ಮ ನಿಪ್ಪಾಣಿಯಿಂದ ಸಮುದ್ರ ಬಹಳ ದೂರವೇನಲ್ಲ. ಘಟ್ಟ ಇಳಿದರೆ ಕೊಂಕಣ. ಆದರೂ ನಾನು ಮೊದಲ ಸಲ ಹಡಗಿನ ಟಿಕೀಟು ಬರೆದುಕೊಟ್ಟಾಗ ಸಮುದ್ರವನ್ನು ಕಣ್ಣಾರೆ ಕಂಡಿರಲಿಲ್ಲ. ಇದನ್ನು ಈಗ ನಗುತ್ತ ಹೇಳುತ್ತೇನೆ, ಆಗ ಯಾರಿಗೂ ಹೇಳಿರಲಿಲ್ಲ.

ಪ್ರವಾಸದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಒಮ್ಮೊಮ್ಮೆ ನಮ್ಮ ಮನೆಗೆ ಬರುತ್ತಾರೆ. ವಯಸ್ಸಾದವರು, ಮೊಣಕಾಲು ಹಿಡಿದವರು, ಕೋಲಿಲ್ಲದೆ ನಡೆಯಲಾರದವರು ಹಡಗಿನಲ್ಲಿ ಹೋಗಬೇಕು ಅಂದರೆ ಯಾವ ಹಡಗು ಒಳ್ಳೆಯದು ಎಂದು ಕೇಳುತ್ತಾರೆ. ನಾನು ಯಾವ ಹಡಗಿನ ಹೆಸರನ್ನೂ ಹೇಳುವುದಿಲ್ಲ. ನನ್ನ ಕಾಲದ ಹಡಗುಗಳು ಈಗ ಗುಜರಿಗೆ ಹೋಗಿರಬೇಕು. ಅದರ ಬದಲು ನಾನು ಮಾಡಿದ ಒಂದು ತಪ್ಪನ್ನು, ಅದು ನನಗೆ ಕಲಿಸಿದ್ದನ್ನು ಹೇಳುತ್ತೇನೆ. ಅವರು ಚಹಾ ಕುಡಿದು, ಅರ್ಧ ಕೇಳಿ ಹೋಗುತ್ತಾರೆ. ಪೂರ್ತಿ ಕೇಳುವವರಿಗಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಎಂಬತ್ತರ ದಶಕದ ಆರಂಭದಲ್ಲಿ ನಾನು ಅಪ್ಪಾಸಾಹೇಬರ ಯಾತ್ರಾ ಆಫೀಸಿಗೆ ಕಾರಕೂನಳಾಗಿ ಸೇರಿದೆ. ತಂಬಾಕಿನ ವಖಾರಗಳ ಸಾಲಿನಲ್ಲಿ ಒಂದು ಮಾಳಿಗೆ ಕೋಣೆ, ಎರಡು ಟೇಬಲ್ಲು, ಒಂದು ಕರಿ ಫೋನು. ವಖಾರದ ಘಾಟು ಎಷ್ಟಿತ್ತೆಂದರೆ ಹೊಸ ಗಿರಾಕಿ ಒಳಗೆ ಬಂದು ಮೊದಲು ಸೀನಿ, ಆಮೇಲೆ ಮಾತಾಡುತ್ತಿದ್ದ. ನಮ್ಮ ಗಿರಾಕಿಗಳೆಲ್ಲ ಸುತ್ತಲಿನ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ರೈತರು, ವ್ಯಾಪಾರಸ್ಥರು. ಕಬ್ಬಿನ ಕೆಲಸ ಮುಗಿದ ಮೇಲೆ ಹೊರಡುವವರು ಕೆಲವರು, ದ್ರಾಕ್ಷಿ ಮಾರಿದ ಮೇಲೆ ಹೊರಡುವವರು ಕೆಲವರು. ಜೈನ ಮಂದಿ ಶಿಖರ್ಜಿಗೆ, ಶ್ರವಣಬೆಳಗೊಳಕ್ಕೆ. ಉಳಿದವರು ಕಾಶಿಗೆ, ಪಂಢರಪುರಕ್ಕೆ. ಬೆಟ್ಟ ಹತ್ತಲಾರದವರಿಗೆ ಶಿಖರ್ಜಿಯಲ್ಲಿ ಡೋಲಿ ಸಿಗುತ್ತಿತ್ತು. ಹೀಗಾಗಿ ಗಿರಾಕಿಯ ಮೊಣಕಾಲನ್ನು ನೋಡುವ ರೂಢಿಯೇ ನಮಗೆ ಇರಲಿಲ್ಲ.

ಅಪ್ಪಾಸಾಹೇಬರು ದೊಡ್ಡ ಧ್ವನಿಯ, ದೊಡ್ಡ ಮನಸ್ಸಿನ ಮನುಷ್ಯ. ಅವರು ಟ್ರಂಕ್ ಕಾಲ್ ಮಾಡಿದರೆ ಬೆಂಗಳೂರಿಗೆ ಫೋನಿಲ್ಲದೆಯೂ ಕೇಳಿಸುತ್ತದೆ ಎಂದು ಕೆಳಗಿನ ಅಂಗಡಿಯವರು ಚೇಷ್ಟೆ ಮಾಡುತ್ತಿದ್ದರು. ನನಗೆ ಕೆಲಸ ಕಲಿಸಿದವರು ಅವರೇ. ಅವರು ಹೇಳುತ್ತಿದ್ದ ಒಂದು ಮಾತನ್ನು ನಾನು ಇಂದಿಗೂ ಹುಡುಗರಿಗೆ ಹೇಳುತ್ತೇನೆ: "ಹೋಗೂಮುಂದ ಎಲ್ಲಾ ಗಿರಾಕಿನೂ ನಗತಾನ, ವಿಮಲಾ. ಬಂದ ಮ್ಯಾಲ ನಗತಾನೇನು, ಅದನ್ನ ನೋಡು." ಅದಕ್ಕೇ ಯಾತ್ರೆ ಮುಗಿದ ಮೇಲೆ ಮನೆಮನೆಗೆ ಹೋಗಿ ಕೇಳುವ ಪದ್ಧತಿಯನ್ನು ಅವರು ಇಟ್ಟಿದ್ದರು. ನನ್ನ ತಪ್ಪು ನನಗೆ ಗೊತ್ತಾದದ್ದು ಆ ಪದ್ಧತಿಯಿಂದಲೇ.

ಆ ದಶಕ ಮುಗಿಯುತ್ತ ಬಂದಾಗ ಸಾಹೇಬರಿಗೆ ಹೊಸ ಹುಚ್ಚು ಹತ್ತಿತು. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಿನ ಪ್ರವಾಸ. ಐದು ದಿನ ಹಡಗಿನಲ್ಲೇ ಊಟ, ಹಡಗಿನಲ್ಲೇ ನಿದ್ದೆ. ಹಗಲು ಒಂದೊಂದು ನಡುಗಡ್ಡೆ ನೋಡುವುದು. ಎರಡು ಹಡಗಿನವರು ಪ್ರಚಾರಕ್ಕೆ ಕಳಿಸಿದ ಚಿತ್ರಪತ್ರಿಕೆಗಳು ಬಂದಿದ್ದವು. ಯಾವುದನ್ನು ಗೊತ್ತು ಮಾಡಬೇಕು ಎಂದು ಸಾಹೇಬರು ನನ್ನನ್ನೇ ಕೇಳಿದರು. ಒಂದರ ಚಿತ್ರದಲ್ಲಿ ಹಡಗು ಹಾಲಿನಂತೆ ಬೆಳ್ಳಗಿತ್ತು, ಹೊಸದು, ಎತ್ತರವಾಗಿತ್ತು. ಇನ್ನೊಂದು ಮಸುಕು. ನಾನು ಬೆಳ್ಳಗಿನದನ್ನು ಆರಿಸಿದೆ. ಅಷ್ಟೇ ನನ್ನ ವಿಚಾರ. ಸೀರೆ ಅಂಗಡಿಯಲ್ಲಿ ಕೂಡ ನಾನು ಅದಕ್ಕಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದೆ.

ಮೊದಲ ಗುಂಪು ಸಾಹೇಬರ ತಮ್ಮನ ಜೊತೆ ಹೋಗಿ ಬಂತು. ಹೋದವರಲ್ಲಿ ಐನಾಪುರದ ಭೂಪಾಲಣ್ಣ, ಅವರ ಹೆಂಡತಿ ಪದ್ಮಾವತಿ ಆಯಿ ಇದ್ದರು. ಕಬ್ಬಿನ ಹೊಲದ ಒಕ್ಕಲು ಮನೆತನ. ಆಯಿಗೆ ಎಪ್ಪತ್ತರ ಹತ್ತಿರ. ಎರಡೂ ಮೊಣಕಾಲು ಬಾಗಿ ಬಿಲ್ಲಾಗಿದ್ದವು. ಕೋಲು ಹಿಡಿದು ಅಂಗಳದವರೆಗೆ ನಡೆದರೆ ಒಮ್ಮೆ ಕೂಡಬೇಕು. ಆದರೆ ಮುಖ ಮಾತ್ರ ಸದಾ ಗೆಲುವು. ಮಿರಜಿನಲ್ಲಿ ಕಣ್ಣಿನ ಪೊರೆ, ನಮ್ಮ ಕಡೆಯ ಮಾತಿನಲ್ಲಿ ಮೋತಿಬಿಂದು, ತೆಗೆಸಿಕೊಂಡು ದಪ್ಪ ಕನ್ನಡಕ ಹಾಕಿಕೊಂಡ ಮೇಲೆ, ಇಷ್ಟು ದಿನ ಕಾಣದ್ದನ್ನೆಲ್ಲ ನೋಡಿಬಿಡಬೇಕು ಎಂದು ಅವರೇ ಹಟ ಹಿಡಿದು ಹೊರಟಿದ್ದರು.

ಗುಂಪು ಮರಳಿದ ವಾರಕ್ಕೆ ಸಾಹೇಬರೂ ನಾನೂ ಐನಾಪುರಕ್ಕೆ ಹೋದೆವು. ಜೊತೆಗೆ ಹೋಗಿದ್ದ ನೆರೆಹೊರೆಯವರು ಅಲ್ಲೇ ಬಂದು ಸೇರಿದರು. ಬಣ್ಣದ ಮೀನು, ತಿಳಿನೀರು, ಬಿಳಿ ಮರಳು ಎಂದು ಒಬ್ಬರ ಮಾತು ಮುಗಿಯುವುದರೊಳಗೆ ಇನ್ನೊಬ್ಬರು ಹೇಳುತ್ತಿದ್ದರು. ಆಯಿ ಎಲ್ಲರಿಗೂ ಚುರುಮುರಿ ಹಾಕಿಕೊಟ್ಟು ಗೋಡೆಗೆ ಒರಗಿ ಕುಳಿತಿದ್ದರು. ನಡುವೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು: "ಯವ್ವಾ ವಿಮಲಾ, ಅಲ್ಲಿ ತೆಂಗಿನ ಗಿಡಾ ನೀರಿನ ಮ್ಯಾಲ ಬಗ್ಗಿರತಾವಂತ. ಖರೇನ?"

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅಲ್ಲಿಗೆ ಹೋಗಿ ಬಂದವರು ಅವರು, ಹೋಗದೆ ಕುಳಿತವಳು ನಾನು. ಅವರು ನನ್ನನ್ನು ಕೇಳುತ್ತಿದ್ದಾರೆ.

ಭೂಪಾಲಣ್ಣ ಆಗ ವಿಷಯ ಹೇಳಿದರು. ಆ ನಡುಗಡ್ಡೆಗಳ ಸುತ್ತ ನೀರಿನೊಳಗೆ ಹವಳದ ಗೋಡೆ ಇರುವುದರಿಂದ ದೊಡ್ಡ ಹಡಗು ದಂಡೆಗೆ ಹೋಗುವುದಿಲ್ಲ. ದೂರದಲ್ಲಿ ನಿಲ್ಲುತ್ತದೆ. ಮಂದಿ ಹಡಗಿನ ಹೊರಮೈಗೆ ತೂಗುಬಿಟ್ಟ ಏಣಿಯಿಂದ ಕೆಳಗಿನ ಸಣ್ಣ ದೋಣಿಗೆ ಇಳಿಯಬೇಕು. ನಾನು ಆರಿಸಿದ ಎತ್ತರದ ಹಡಗಿನಿಂದ ಆ ಏಣಿ ಬಾವಿಯೊಳಗೆ ಇಳಿಬಿಟ್ಟಂತೆ ಕಾಣುತ್ತಿತ್ತಂತೆ. ಆಯಿ ಮೂರು ದಿನವೂ ಮೇಲೆಯೇ ಕುಳಿತು ದೂರದ ಹಸಿರು ಗೆರೆಯನ್ನು ನೋಡಿದ್ದರು. "ಮೊದಲನೇ ದಿನಾ ನಾ ಇಳದ ಹೋಗಿದ್ದೆ," ಎಂದರು ಭೂಪಾಲಣ್ಣ. "ಒಬ್ಬನ ನೋಡಾಕ ಛಲೋ ಅನಸಲಿಲ್ಲ. ಮುಂದ ಎರಡ ದಿನಾ ಆಕಿ ಸಂಗಾಟ ಕುಂತೆ."

ಸಾಹೇಬರು ಚುರುಮುರಿಯ ತಟ್ಟೆ ಕೆಳಗಿಟ್ಟರು. ನಾನು ತಪ್ಪು ನನ್ನದು ಎಂದೆ. ಆಯಿ ನನ್ನ ಕೈ ಹಿಡಿದು, ಹಡಗು ಬಹಳ ಛಲೋ ಇತ್ತು, ಊಟ ಛಲೋ ಇತ್ತು, ಏನೂ ತಪ್ಪಿಲ್ಲ ಎಂದು ನನಗೇ ಸಮಾಧಾನ ಹೇಳಿದರು. ಬೈದಿದ್ದರೆ ನಾನು ಅಷ್ಟು ನೊಂದುಕೊಳ್ಳುತ್ತಿರಲಿಲ್ಲ.

ತಿರುಗಿ ಬರುವಾಗ ಜೀಪಿನಲ್ಲಿ ಸಾಹೇಬರು ಹೇಳಿದ್ದು ಇಷ್ಟೇ: ನೀನು ಹೋಗಿ ಹಡಗು ನೋಡಿ ಬಾ, ನೋಡದ ಹಡಗನ್ನು ಇನ್ನು ಮುಂದೆ ಮಾರುವುದು ಬೇಡ.

ಒಬ್ಬಳೇ ಕೊಚ್ಚಿಗೆ ಹೋಗುವುದು ಹೇಗೆ ಎಂದು ಮನೆಯಲ್ಲಿ ಮಾತು ಬಂದಾಗ ನಮ್ಮ ಅತ್ತೆ ಗೌರವ್ವ ತಾವು ಬರುತ್ತೇನೆ ಎಂದರು. ಅತ್ತೆ ತಂಬಾಕಿನ ವಖಾರದಲ್ಲಿ ಮೂವತ್ತು ವರ್ಷ ದುಡಿದ ಹೆಂಗಸು. ಮೈ ಭಾರ, ಮೊಣಕಾಲು ಬೇನೆ, ನಾಲಗೆ ಹರಿತ. ಮೊದಲು ನನಗೆ ಇದು ಇನ್ನೊಂದು ತೊಂದರೆ ಅನ್ನಿಸಿತು. ದಾರಿಯಲ್ಲಿ ಹೊಳೆಯಿತು: ನಾನು ಮೂವತ್ತೈದರ ಗಟ್ಟಿಮುಟ್ಟು ಹೆಂಗಸು, ನನ್ನ ಕಾಲಿಗೆ ಎಲ್ಲ ಮೆಟ್ಟಿಲೂ ಒಂದೇ. ಹಡಗನ್ನು ಪರೀಕ್ಷೆ ಮಾಡಬೇಕಾದವರು ಅತ್ತೆಯವರೇ.

ಬೆಳಗಾವಿಯಿಂದ ಸಣ್ಣ ಹಳಿಯ ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ಎರ್ನಾಕುಲಂ. ಸಮುದ್ರವನ್ನು ನಾವಿಬ್ಬರೂ ಮೊದಲ ಸಲ ಅಲ್ಲಿ ನೋಡಿದೆವು. ಅತ್ತೆ ಬಹಳ ಹೊತ್ತು ನಿಂತು ನೋಡಿ, "ಇಷ್ಟ ನೀರ ಇಟಗೊಂಡ ಈ ಮಂದಿ ಒಂದ ಎಕರೆ ಕಬ್ಬ ಹಚ್ಚಿಲ್ಲಲ್ಲ," ಎಂದರು. ಅದು ಉಪ್ಪುನೀರು ಎಂದು ನಾನು ಹೇಳಿದ್ದನ್ನು ನಂಬದೆ ಬೆರಳದ್ದಿ ರುಚಿ ನೋಡಿಯೇ ಒಪ್ಪಿದರು.

ಸಾಹೇಬರು ಪರಿಚಯದ ಏಜೆಂಟರಿಂದ ಪರವಾನಗಿ ಕೊಡಿಸಿದ್ದರು. ಎರಡು ದಿನದಲ್ಲಿ ಮೂರು ಹಡಗು ನೋಡಿದೆವು. ನನ್ನ ಕೈಯಲ್ಲಿ ದರ್ಜಿಯ ಟೇಪು, ಒಂದು ವಹಿ. ಮೊದಲನೆಯದು ನಾನು ಆರಿಸಿದ್ದ ಆ ಬಿಳಿ ಹಡಗೇ. ಕಣ್ಣಿಗೆ ಈಗಲೂ ಚೆಂದ. ಅತ್ತೆ ನಾಲ್ಕು ಪಾವಟಿಗೆ ಹತ್ತಿ ನಿಂತು, ಹಿಡಿಯಲು ಒಂದೇ ಕಡೆ ಕಂಬಿ ಇದೆ, ಬಲಗಾಲು ನೋಯುವವರು ಏನು ಮಾಡಬೇಕು ಎಂದು ಕೇಳಿದರು. ಸಂಡಾಸಿಗೆ ಹೋಗಲು ಹೊರಟವರು ಬಾಗಿಲಲ್ಲೇ ಎಡವಿ ನನ್ನ ಮೈಮೇಲೆ ಬಿದ್ದರು. ಹಡಗಿನ ಬಾಗಿಲಿಗೆ ಹೊಸ್ತಿಲು ಇರುತ್ತದೆ, ನೀರು ಒಳಗೆ ಬರಬಾರದು ಎಂದು. ಅಳೆದೆ. ಹನ್ನೆರಡು ಇಂಚು. ಮೊಣಕಾಲು ಮಡಚಲಾಗದವರಿಗೆ ಅದು ಗೋಡೆ. ರಾತ್ರಿ ಎರಡು ಸಲ ಎದ್ದು ಹೋಗುವ ವಯಸ್ಸಿನವರನ್ನು ನಾನು ಅಂಥ ಬಾಗಿಲ ಹಿಂದೆ ಮಲಗಿಸಿದ್ದೆ.

ಎರಡನೆಯ ಹಡಗಿನಲ್ಲಿ ಕೆಳಗಿನ ಹಾಸಿಗೆಗಳೇ ಕಡಿಮೆ. ಊಟದ ಕೋಣೆಗೆ ಇಪ್ಪತ್ತೆರಡು ಪಾವಟಿಗೆ. ಅತ್ತೆ ಊಟವೇ ಬೇಡ ಎಂದು ಇಳಿದುಬಿಟ್ಟರು.

ಮೂರನೆಯದು ಚಿತ್ರಪತ್ರಿಕೆಯಲ್ಲಿ ಮಸುಕಾಗಿ ಕಂಡಿದ್ದ ಹಳೆಯ ಹಡಗು. ಅದರ ಆಳುಗಳ ಮೇಸ್ತ್ರಿಯನ್ನು ಸಾರಂಗ ಎನ್ನುತ್ತಾರೆ. ಈ ಹಡಗಿನ ಸಾರಂಗ ವರ್ಗೀಸ್ ಎಂಬ ನರೆಗೂದಲಿನ ಮಲೆಯಾಳಿ. ನನ್ನ ಟೇಪು ನೋಡಿ, ಹಡಗಿಗೆ ಅಂಗಿ ಹೊಲಿಯುತ್ತೀರಾ ಎಂದು ಹಿಂದಿಯಲ್ಲಿ ಕೇಳಿದ. ನಾನು ಆಯಿಯ ವಿಷಯ ಹೇಳಿದೆ. ಅವನ ನಗು ನಿಂತಿತು. ಟೇಪಿನ ಇನ್ನೊಂದು ತುದಿಯನ್ನು ತಾನೇ ಹಿಡಿದುಕೊಂಡ. ಬಂದರಿನಲ್ಲಿ ಹಡಗು ಹತ್ತುವುದನ್ನು ಎಲ್ಲರೂ ಕೇಳುತ್ತಾರೆ, ನಡುಗಡ್ಡೆಯ ಮುಂದೆ ಇಳಿಯುವುದನ್ನು ಯಾರೂ ಕೇಳುವುದಿಲ್ಲ ಎಂದ. ಆಮೇಲೆ ಕೆಳಗೆ ಕರೆದುಕೊಂಡು ಹೋಗಿ ಹಡಗಿನ ಬಗಲಿನಲ್ಲಿದ್ದ ಒಂದು ಕಬ್ಬಿಣದ ಬಾಗಿಲು ತೆರೆದು ತೋರಿಸಿದ. ಅದರ ಅಂಚು ನೀರಿಗಿಂತ ನಾಲ್ಕೇ ಅಡಿ ಮೇಲಿತ್ತು. ಶಾಂತ ದಿನ ಸಣ್ಣ ದೋಣಿ ಅಲ್ಲಿಗೇ ಬಂದು ನಿಂತರೆ ಏಣಿಯೇ ಬೇಡ, ಒಂದು ಹೆಜ್ಜೆ ಸಾಕು. ಹೊಸ್ತಿಲು ಐದು ಇಂಚು. ಮೆಟ್ಟಿಲಿಗೆ ಎರಡೂ ಕಡೆ ಕಂಬಿ. ಸಂಡಾಸಿನಲ್ಲಿ ಹಿಡಿದು ಏಳಲು ಗೋಡೆಗೆ ಸರಳು.

ಅತ್ತೆ ಒಂದು ಹಾಸಿಗೆಯ ಮೇಲೆ ಕುಳಿತು, ಎದ್ದು, ಮತ್ತೆ ಕುಳಿತು, "ಬಣ್ಣ ಹೋಗೇತಿ, ಬುದ್ಧಿ ಐತಿ," ಎಂದು ತೀರ್ಪು ಕೊಟ್ಟರು. ವರ್ಗೀಸನಿಗೆ ನಾನು ಇದನ್ನು ಹಿಂದಿಗೆ ತಿರುಗಿಸಿ ಹೇಳಿದಾಗ ಅವನು ಅತ್ತೆಗೆ ಸಲಾಮು ಹೊಡೆದ.

ಹೊಸಬರಿಗೆ ಒಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಯಾವ ಹಡಗಿನವರನ್ನಾದರೂ ವಯಸ್ಸಾದವರಿಗೆ ಅನುಕೂಲ ಇದೆಯೇ ಎಂದು ಕೇಳಬೇಡಿ. ಇದೆ ಎಂದೇ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ, ಅವರ ಕಾಲು ನೋಯುತ್ತಿರುವುದಿಲ್ಲ, ಅಷ್ಟೇ. ಎಷ್ಟು ಇಂಚು, ಎಷ್ಟು ಮೆಟ್ಟಿಲು, ಎಲ್ಲಿ ಹಿಡಿಕೆ ಎಂದು ಕೇಳಿ. ಆಗ ಎದ್ದು ಹೋಗಿ ನೋಡಲೇಬೇಕಾಗುತ್ತದೆ. ತೊಂಬತ್ತರ ದಶಕದಲ್ಲಿ ಸಿಂಗಾಪುರದ ಹಡಗುಗಳು ಬಂದವು. ಏಳೆಂಟು ಮಾಳಿಗೆ, ಲಿಫ್ಟು, ಎಲ್ಲ. ನಮ್ಮಲ್ಲೂ ಟ್ರಂಕ್ ಕಾಲಿನ ಕಾಲ ಹೋಗಿ ಫ್ಯಾಕ್ಸ್ ಬಂದಿತ್ತು. ಅಥಣಿಯ ದ್ರಾಕ್ಷಿ ತೋಟದವರೊಬ್ಬರು ಗಾಲಿಕುರ್ಚಿಯ ತಂದೆಯನ್ನು ಕರೆದೊಯ್ಯಲು ಬಂದಾಗ ನಾನು ಮೊದಲು ಅಥಣಿಗೆ ಹೋಗಿ ಕುರ್ಚಿ ಅಳೆದೆ. ಇಪ್ಪತ್ತೈದು ಇಂಚು. ಹಡಗಿನವರಿಗೆ ಫ್ಯಾಕ್ಸ್ ಮಾಡಿದೆ. ಎಲ್ಲ ಸೌಲಭ್ಯವೂ ಇದೆ ಎಂದು ಉತ್ತರ. ಬಾಗಿಲು ಎಷ್ಟು ಇಂಚು ಎಂದು ಮತ್ತೆ ಮಾಡಿದೆ. ಎರಡು ದಿನ ಸದ್ದಿಲ್ಲ. ಮೂರನೆಯ ದಿನ ಬಂದ ಉತ್ತರದಲ್ಲಿ ನಮಗೆ ಗೊತ್ತು ಮಾಡಿದ ಕೋಣೆಯ ಬಾಗಿಲು ಇಪ್ಪತ್ತೆರಡು ಎಂದಿತ್ತು, ಜೊತೆಗೆ ಅಗಲ ಬಾಗಿಲಿನ ಬೇರೆ ಕೋಣೆ ಕೊಟ್ಟಿದ್ದರು. ಆ ಅಜ್ಜ ಹಡಗಿನ ತುಂಬ ಗಾಲಿಕುರ್ಚಿಯಲ್ಲಿ ಸುತ್ತಾಡಿ ಬಂದರು. ಲಿಫ್ಟಿನಲ್ಲಿ ಸುಮ್ಮನೆ ಮೇಲೆ ಕೆಳಗೆ ಹೋಗಿ ಬಂದದ್ದನ್ನೇ ಹೆಚ್ಚು ವರ್ಣಿಸುತ್ತಿದ್ದರು.

ಈಗ ಆಯಿಯ ವಿಷಯಕ್ಕೆ ಬರುತ್ತೇನೆ. ಮರುವರ್ಷ ಚಳಿಗಾಲದಲ್ಲಿ ಆ ಹಳೆಯ ಹಡಗನ್ನೇ ಗೊತ್ತು ಮಾಡಿದೆವು. ಮಳೆಗಾಲದ ಹತ್ತಿರ ಆ ಸಮುದ್ರ ವಯಸ್ಸಾದವರಿಗಲ್ಲ ಎಂದು ವರ್ಗೀಸ್ ಹೇಳಿದ್ದ. ಆಯಿಯನ್ನು ಒಪ್ಪಿಸಲು ನಾನೇ ಐನಾಪುರಕ್ಕೆ ಹೋದೆ. ಅವರಿಗೆ ಆಸೆ ಇತ್ತು, ಆದರೆ ನಾಲ್ಕು ಮಂದಿ ಮೂಟೆಯಂತೆ ಎತ್ತಿ ಇಳಿಸುವುದಾದರೆ ಬರುವುದಿಲ್ಲ ಎಂದರು. ಹಾಗಾದರೆ ಹೆಜ್ಜೆ ಇಡುವುದನ್ನು ಕಲಿಯೋಣ ಎಂದೆ.

ಕೃಷ್ಣಾ ಹೊಳೆಯ ದಂಡೆಯಲ್ಲಿ ಆಚೆ ದಡಕ್ಕೆ ಹೋಗುವ ದೋಣಿ ಇತ್ತು. ಭೂಪಾಲಣ್ಣ ಅಂಬಿಗನಿಗೆ ಹೇಳಿ ಅದನ್ನು ಕಲ್ಲಿನ ಕಟ್ಟೆಗೆ ಹೊಂದಿಸಿ ನಿಲ್ಲಿಸಿದರು. ಚಳಿಗಾಲದ ಹೊಳೆ, ದೋಣಿ ಮಲಗಿದ ಎಮ್ಮೆಯಂತೆ ಅಲುಗಾಡಲೇ ಇಲ್ಲ. ಸಮುದ್ರದ ದೋಣಿ ಹೀಗೆ ನಿಲ್ಲುವುದಿಲ್ಲ ಎಂದು ನಾನು ಹೇಳಿದ ಮೇಲೆ ಇಬ್ಬರು ಆಳುಗಳು ದೋಣಿಯ ಆಚೆ ಅಂಚಿನಲ್ಲಿ ನಿಂತು ಜಗ್ಗತೊಡಗಿದರು. ವರ್ಗೀಸ್ ಕಲಿಸಿದ್ದು ಸರಳ: ದೋಣಿ ಮೇಲೆ ಬಂದಾಗ ಕಾಲಿಡಬೇಕು, ಕೆಳಗೆ ಹೋಗುವಾಗ ಇಡಬಾರದು. ಚರ್ಮದ ಚಪ್ಪಲಿ ಹಸಿ ಕಬ್ಬಿಣದ ಮೇಲೆ ಜಾರುತ್ತದೆ. ಅದಕ್ಕೆ ನಿಪ್ಪಾಣಿ ಪೇಟೆಯಿಂದ ಬಿಳಿ ಕ್ಯಾನ್ವಾಸ್ ಬೂಟು ತಂದಿದ್ದೆ. ಕಚ್ಚೆ ಸೀರೆ, ಬಿಳಿ ಬೂಟು, ಕೈಯಲ್ಲಿ ಕೋಲು. ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ಕೆಲಸ ಬಿಟ್ಟು ನಿಂತರು. ದೋಣಿ ಮೇಲೆ ಬಂದ ಕೂಡಲೇ ಅವರೇ ಒಟ್ಟಾಗಿ "ಈಗ್ರಿ" ಎಂದು ಕೂಗತೊಡಗಿದರು. ನಾಲ್ಕು ದಿನದ ಕೊನೆಗೆ ಆಯಿ ಕಟ್ಟೆಯಿಂದ ದೋಣಿಗೆ, ದೋಣಿಯಿಂದ ಕಟ್ಟೆಗೆ ಒಬ್ಬರ ಕೈ ಹಿಡಿದು ದಾಟುತ್ತಿದ್ದರು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತ ಒಬ್ಬ ಸೊಸೆ, ತನ್ನ ಅತ್ತೆಗೂ ಇದನ್ನು ಕಲಿಸಿ ಎಲ್ಲಿಗಾದರೂ ಕಳಿಸುವುದಾಗುತ್ತದೆಯೇ ಎಂದು ಕೇಳಿದಳು.

ನಾವು ಹದಿಮೂರು ಮಂದಿ ರಾಯಬಾಗ ನಿಲ್ದಾಣದಿಂದ ಹೊರಟೆವು. ಈ ಸಲ ಗುಂಪಿನ ಜೊತೆ ನಾನೇ ಹೋದೆ. ನಮ್ಮ ಅತ್ತೆಯೂ ಬಂದರು. ತಾವು ಪಾಸು ಮಾಡಿದ ಹಡಗು ಎಂದು ಎಲ್ಲರಿಗೂ ದಾರಿಯುದ್ದಕ್ಕೂ ಹೇಳಿದರು. ಹಡಗು ಹತ್ತಿದ ಕೂಡಲೇ ನಾನು ಅಡುಗೆಯವನ ಹತ್ತಿರ ಹೋದೆ. ನಮ್ಮವರಲ್ಲಿ ಒಂಬತ್ತು ಮಂದಿ ಜೈನರು. ಹೊತ್ತು ಮುಳುಗಿದ ಮೇಲೆ ತಿನ್ನುವುದಿಲ್ಲ. ಹಡಗಿನ ಊಟ ರಾತ್ರಿ ಎಂಟಕ್ಕೆ. ಹಿಂದಿನ ಸಲ ಹೋದ ಜೈನರೆಲ್ಲ ಕಟ್ಟಿಕೊಂಡು ಹೋದ ಬುತ್ತಿಯಲ್ಲೇ ದಿನ ಕಳೆದಿದ್ದರು ಎಂಬುದೂ ನನಗೆ ಆಮೇಲೆ ತಿಳಿದಿತ್ತು. ಸಂಜೆ ಐದೂವರೆಗೆ ಬಡಿಸಲು ಅಡುಗೆಯವನು ಒಪ್ಪಿದ. ಬಟಾಟೆ, ಉಳ್ಳಾಗಡ್ಡಿ, ಗಜ್ಜರಿ, ನೆಲದೊಳಗೆ ಬೆಳೆಯುವುದು ಏನೂ ಬೇಡ ಎಂದಾಗ ತಲೆಯ ಮೇಲೆ ಕೈ ಹೊತ್ತು, ಹಾಗಾದರೆ ಉಳಿದದ್ದೇನು ಎಂದು ಕೇಳಿದ. ನಮ್ಮ ಅತ್ತೆ ಅಡುಗೆಮನೆಗೇ ನುಗ್ಗಿ ಕಡಲೆಹಿಟ್ಟಿನ ಝುಣಕ ಮಾಡಿ ತೋರಿಸಿದರು.

ಮೊದಲ ನಡುಗಡ್ಡೆಯ ಮುಂದೆ ಗಾಳಿ ಜೋರಾಗಿತ್ತು. ವರ್ಗೀಸ್ ಬಗಲಿನ ಬಾಗಿಲು ತೆರೆಯಲೇ ಇಲ್ಲ. ಏಣಿಯಿಂದ ನಮ್ಮಲ್ಲಿ ನಾಲ್ವರು ಮಾತ್ರ ಇಳಿದರು. ಆಯಿ ಹಿಂದಿನ ವರ್ಷದಂತೆಯೇ ಕಂಬಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕುಳಿತರು. ನನಗೆ ಅವರ ಕಡೆ ನೋಡಲು ಧೈರ್ಯವಾಗಲಿಲ್ಲ.

ಎರಡನೆಯ ದಿನ ಬಾಗಿಲು ತೆರೆಯಿತು. ಅತ್ತೆ ಇಳಿದರು, ಭೂಪಾಲಣ್ಣ ಇಳಿದರು. ಆಯಿ ಬಾಗಿಲಿಗೆ ಬಂದು ಕಾಲು ಮುಂದಿಟ್ಟಾಗ ದೋಣಿ ಒಮ್ಮೆಲೇ ಕೆಳಗೆ ಜಾರಿ ಹಡಗಿಗೆ ಬಡಿದು ದೊಡ್ಡ ಸಪ್ಪಳವಾಯಿತು. ಆಯಿ ಕಾಲು ಹಿಂದೆಗೆದರು. ಹೊಳೆಯ ದಂಡೆಯಲ್ಲಿ ಕಲಿತದ್ದೆಲ್ಲ ಆ ಸಪ್ಪಳಕ್ಕೆ ಮರೆತುಹೋಗಿತ್ತು. ನಾನು ಅವರಿಗೆ ಕೂಡಲು ಕುರ್ಚಿ ತರಿಸಿದೆ. ಇಂಥ ಹೊತ್ತಿನಲ್ಲಿ ಹುರುಪು ತುಂಬುವ ಮಾತಾಡುವುದು ನಮ್ಮ ಕೆಲಸದ ದೊಡ್ಡ ತಪ್ಪು ಎಂದು ನನಗೆ ಅನ್ನಿಸುತ್ತದೆ. ನಾವಿಬ್ಬರೂ ಹಡಗಿನಲ್ಲೇ ಉಳಿದೆವು. ಸಂಜೆ ಊಟವಾದ ಮೇಲೆ ಆಯಿ ತಾವಾಗಿಯೇ, ನಾಳೆ ಸಪ್ಪಳದ ಕಡೆ ಲಕ್ಷ್ಯ ಕೊಡುವುದಿಲ್ಲ ಎಂದರು.

ಮೂರನೆಯದು ಕೊನೆಯ ನಡುಗಡ್ಡೆ. ನೀರು ಸಾರಿಸಿದ ನೆಲದಂತೆ ಇತ್ತು. ದೋಣಿ ನಡೆಸುವವನು ಆ ನಡುಗಡ್ಡೆಯವನೇ, ಕೋಯಾ ಎಂದು ಹೆಸರು. ಹಡಗಿನ ಇಬ್ಬರು ಖಲಾಸಿಗಳು ಆಯಿಯ ಕಂಕುಳಿಗೆ ಕೈ ಹಾಕಲು ಬಂದರು. ಆಯಿ ಕೋಲನ್ನು ನನ್ನ ಕೈಗೆ ಕೊಟ್ಟು, "ಎತ್ತಬ್ಯಾಡ್ರಿ ಅನ್ನ ಅವರಿಗೆ. ಹಿಡದರ ಸಾಕು," ಎಂದರು. ನಾನು ಹಿಂದಿಯಲ್ಲಿ ಹೇಳಿದೆ. ದೋಣಿ ಒಮ್ಮೆ ಮೇಲೆ ಬಂತು, ಆಯಿ ನೋಡಿದರು. ಎರಡನೆಯ ಸಲ ಬಂತು, ನೋಡಿದರು. ಮೂರನೆಯ ಸಲ ಬಂದಾಗ ಬಿಳಿ ಬೂಟು ದೋಣಿಯ ಹಲಗೆಯ ಮೇಲಿತ್ತು. ಕೆಳಗೆ ಕುಳಿತಿದ್ದ ಭೂಪಾಲಣ್ಣ ತಲೆಯ ಟೋಪಿ ತೆಗೆದು ಮುಖ ಒರೆಸಿಕೊಂಡರು. ಸಮುದ್ರದ ನೀರು ಸಿಡಿದಿದೆ ಎಂದು ಎಲ್ಲರಿಗೂ ಹೇಳಿದರು.

ದಂಡೆಯಲ್ಲಿ ತೆಂಗಿನ ನೆರಳಿಗೆ ಆಯಿಯನ್ನು ಕೂಡಿಸಿದೆವು. ಉಳಿದವರು ನೀರಿಗೆ ಇಳಿದರು, ಊರು ನೋಡಲು ಹೋದರು. ಆಯಿಯ ಬೂಟು ನೋಡಲು ಊರಿನ ಹೆಂಗಸರು ನಾಲ್ಕಾರು ಮಂದಿ ಬಂದರು. ಅವರ ನಡುವೆ ಇನ್ನೊಬ್ಬ ಮುದುಕಿ, ಗೋಡೆ ತಡವುತ್ತ ನಡೆಯುವವರಂತೆ ಗಾಳಿಯನ್ನು ತಡವುತ್ತ ಬಂದು ಕುಳಿತಳು. ಆಕೆ ಕೋಯಾನ ತಾಯಿ, ಬೀಯುಮ್ಮ. ಭಾಷೆ ಇವರದು ಅವರಿಗೆ ಬಾರದು, ಅವರದು ಇವರಿಗೆ ಬಾರದು. ಆದರೆ ಆಯಿ ಆಕೆಯ ಕಣ್ಣಿನ ಬಿಳುಪು ನೋಡಿದ ಕೂಡಲೇ ತಮ್ಮ ಕನ್ನಡಕ ತೆಗೆದು ಆಕೆಯ ಬೆರಳಿಗೆ ಮುಟ್ಟಿಸಿದರು.

ಕೋಯಾ ಮುರುಕು ಹಿಂದಿಯಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸಿದೆ. ಎರಡೂ ಕಣ್ಣಿಗೆ ಮೋತಿಬಿಂದು. ಕೊಚ್ಚಿಗೆ ಹೋಗಿ ತೆಗೆಸಬೇಕು ಎಂದು ಇಲ್ಲಿಯ ಡಾಕ್ಟರು ಹೇಳಿ ಎರಡು ವರ್ಷವಾಗಿದೆ. ಎರಡು ಸಲ ತಾಯಿಯನ್ನು ದೋಣಿಯಲ್ಲಿ ಹಡಗಿನವರೆಗೆ ಕರೆದುಕೊಂಡು ಹೋಗಿದ್ದಾನೆ. ಎರಡು ಸಲವೂ ಗಾಳಿ ಜೋರಾಗಿ ಬಗಲಿನ ಬಾಗಿಲು ತೆರೆದಿರಲಿಲ್ಲ; ತೂಗಾಡುವ ಏಣಿಯನ್ನು ಕೈಯಲ್ಲಿ ಮುಟ್ಟಿ ನೋಡಿ, ಕಾಣದ ಕಣ್ಣಿನಲ್ಲಿ ಇದನ್ನು ಹೇಗೆ ಹತ್ತಲಿ ಎಂದು ಆಕೆ ಹಿಂದಿರುಗಿದ್ದಾಳೆ. ಈಗ ಹಡಗಿನ ಮಾತೆತ್ತಿದರೆ ಎದ್ದು ಹೋಗುತ್ತಾಳೆ.

ನಾನು ಎಷ್ಟೋ ಗಿರಾಕಿಗಳನ್ನು ಒಪ್ಪಿಸಿದ್ದೇನೆ, ಆದರೆ ಆಯಿ ಆ ದಿನ ಒಪ್ಪಿಸಿದ ಹಾಗೆ ಯಾರನ್ನೂ ಒಪ್ಪಿಸಿಲ್ಲ. ಆಕೆಯ ಕೈಯನ್ನು ತಮ್ಮ ಬಾಗಿದ ಮೊಣಕಾಲ ಮೇಲೆ ಇಟ್ಟುಕೊಂಡರು. "ಹೇಳ ಆಕಿಗೆ, ವಿಮಲಾ. ಏಣಿ ಇಲ್ಲ, ಬಾಗಲಾ ಐತಿ ಅಂತ ಹೇಳ. ಈ ಕಾಲ ತಗೊಂಡ ನಾ ಇಳದೀನಿ. ಆಕಿ ಕಾಲ ಗಟ್ಟಿ ಅದಾವ. ನನ್ನ ಕಣ್ಣ ಐತಿ, ಆಕಿ ಕಾಲ ಐತಿ, ಇಬ್ಬರೂ ಕೂಡೇ ಏರತೀವಿ ಅಂತ ಹೇಳ."

ಕೋಯಾ ಹೇಳಿದ. ಬೀಯುಮ್ಮ ಬಹಳ ಹೊತ್ತು ಆಯಿಯ ಮೊಣಕಾಲನ್ನು ಸವರುತ್ತ ಕುಳಿತಳು. ಅದು ಎಷ್ಟು ಬಾಗಿದೆ ಎಂದು ಬೆರಳಿನಿಂದ ತಿಳಿದುಕೊಂಡಳು. ಆಮೇಲೆ ಎದ್ದು ಮನೆಗೆ ಹೋಗಿ ಒಂದು ಗಂಟು ಹಿಡಿದು ಬಂದಳು.

ಆ ಹಡಗಿನಲ್ಲಿ ನಡುಗಡ್ಡೆಯ ಮಂದಿಯೂ ಪ್ರಯಾಣ ಮಾಡುತ್ತಿದ್ದರು. ಕೋಯಾ ಓಡಿಹೋಗಿ ಇಬ್ಬರ ಟಿಕೀಟು ತಂದ. ದೋಣಿಯನ್ನು ತನ್ನ ಭಾವನಿಗೆ ಒಪ್ಪಿಸಿದ. ಸಂಜೆಯೊಳಗೆ ನಾವು ಹಡಗಿನ ಬಗಲಿಗೆ ಬಂದಾಗ ಬಾಗಿಲಲ್ಲಿ ನಿಂತಿದ್ದ ವರ್ಗೀಸ್ ತಲೆ ಎಣಿಸಿದ. ಹದಿಮೂರು ಮಂದಿ ಇಳಿದವರು ಹದಿನೈದು ಮಂದಿ ಏರುತ್ತಿದ್ದೆವು. ಆಯಿ ಬೀಯುಮ್ಮನ ಕೈ ಬಿಡಲಿಲ್ಲ. ದೋಣಿ ಮೇಲೆ ಬಂದಾಗ ಆ ಕೈಯನ್ನು ಒತ್ತಿದರು, ಇಬ್ಬರೂ ಒಟ್ಟಿಗೆ ಹೊಸ್ತಿಲು ದಾಟಿದರು. ಅತ್ತೆ ತಮ್ಮ ಹಾಸಿಗೆಯನ್ನು ಬೀಯುಮ್ಮನಿಗೆ ಬಿಟ್ಟುಕೊಟ್ಟು, ತಮಗೆ ನೆಲವೇ ರೂಢಿ ಎಂದು ಚಾದರ ಹಾಸಿದರು.

ಮರುದಿನ ಕೊಚ್ಚಿಯಲ್ಲಿ ಇಳಿದಾಗ ನಮ್ಮ ಪ್ರವಾಸದ ಪಟ್ಟಿಯಲ್ಲಿ ಹಳೆಯ ಅರಮನೆ ಇತ್ತು, ಸಂಜೆಗೆ ರೈಲು. ಆಯಿ ಮೊದಲು ಆಸ್ಪತ್ರೆ ಎಂದರು. ನಾನು ಉಳಿದವರ ಮುಖ ನೋಡಿದೆ. "ಅರಮನಿ ಎಲ್ಲಿ ಓಡಿ ಹೊಕ್ಕೈತ್ರಿ," ಎಂದು ಭೂಪಾಲಣ್ಣ ಟ್ಯಾಕ್ಸಿ ಹತ್ತಿದರು. ಹೀಗೆ ಹದಿನೈದು ಮಂದಿ ಕಣ್ಣಿನ ಆಸ್ಪತ್ರೆಯ ಪಡಸಾಲೆ ತುಂಬಿ ಕುಳಿತೆವು. ಡಾಕ್ಟರು ನೋಡಿ, ಮೊದಲು ಒಂದು ಕಣ್ಣು ಮಾಡೋಣ ಎಂದು ದಾಖಲು ಮಾಡಿಕೊಂಡರು. ಕೋಯಾ ಔಷಧ ತರಲು ಹೋಗಿದ್ದ. ಚೀಟಿ ಬರೆಯುತ್ತಿದ್ದ ನರ್ಸು, ಬೀಯುಮ್ಮನ ಕೈ ಹಿಡಿದು ಕುಳಿತಿದ್ದ ಆಯಿಯನ್ನು ತೋರಿಸಿ, ಇವರು ರೋಗಿಗೆ ಏನಾಗಬೇಕು ಎಂದು ನನ್ನನ್ನು ಕೇಳಿದಳು. ನಾನು ಆಯಿಯನ್ನೇ ಕೇಳಿದೆ.

ಆಯಿ ವಿಚಾರ ಮಾಡಲೂ ಇಲ್ಲ. "ಸಂಗಾಟ ಬಂದಾಕಿ ಅಂತ ಬರಸ," ಎಂದರು.